ಹಿನ್ನೀರಿನ ದಂಡೆಯಲ್ಲಿ ಒಂದು ದಿನ

ಆಫ್ರಿಕಾದ ಝಾಂಬಿಯಾದಲ್ಲಿ ದುಡಿಯುತ್ತಿರುವ ನಮ್ಮ ತಮ್ಮ 2024ರ ಡಿಸೆಂಬರಿನಲ್ಲಿ ಒಂದಿಷ್ಟು ಚಿತ್ರಗಳನ್ನು ಕಳುಹಿಸಿದ್ದ. ಸಿಕ್ಕ ಒಂದು ದಿನದ ರಜೆಯನ್ನು ಅವನು ಜೊತೆಯ ಕೆಲಸಗಾರರೊಂದಿಗೆ ಕರಿಬಾ ಸರೋವರದ ದಂಡೆಯ ಒಂದು ವಸತಿಗೃಹದಲ್ಲಿ ಕಳೆದಿದ್ದ. ಹುಲ್ಲು ಹೊದಿಸಿದ ಮಾಡು, ನೀರಿನ ಕಡೆಗೆ ತಿರುಗಿಸಿಟ್ಟ ಕುರ್ಚಿಗಳು, ದೂರದಲ್ಲಿ ನೀರಾನೆಗಳ ಬೆನ್ನು, ಮುಳುಗುವ ಸೂರ್ಯ. ಚಿತ್ತವಾಡ್ಗಿಯ ನಮ್ಮ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಒಂದು ಮೊಬೈಲಿನ ಸುತ್ತ ಕುಳಿತು ಅವನ್ನು ನೋಡಿದೆವು. ಮಕ್ಕಳಿಗೆ ನೀರಾನೆ ಸಾಕಾಯಿತು. ಅವ್ವ ಮಗ ಸೊರಗಿದ್ದಾನೆಯೇ ಎಂಬುದನ್ನಷ್ಟೇ ನೋಡಿದರು. ಅಪ್ಪ ಮಾತ್ರ ಕನ್ನಡಕ ಸರಿಪಡಿಸಿಕೊಂಡು ಒಂದೇ ಚಿತ್ರವನ್ನು ಬಹಳ ಹೊತ್ತು ಹಿಡಿದು ಕುಳಿತರು. ನಡುನೀರಿನಲ್ಲಿ ಎಲೆಯಿಲ್ಲದ ಒಣಮರಗಳು ಗುಂಪುಗುಂಪಾಗಿ ನಿಂತಿದ್ದ ಚಿತ್ರ ಅದು.

"ಇದು ತಾನಾಗಿ ಆದ ಕೆರಿ ಅಲ್ಲ, ಕಟ್ಟಿದ್ದು," ಎಂದರು. "ಕೆಳಗ ಯಾರ್ದೋ ಊರು ಐತಿ."

ನಮಗೆ ಆಶ್ಚರ್ಯವಾಯಿತು. ಹುಡುಕಿ ಓದಿದಾಗ ಅಪ್ಪನ ಮಾತು ಅಕ್ಷರಶಃ ನಿಜವೆಂದು ತಿಳಿಯಿತು. ಝಾಂಬೆಝಿ ನದಿಗೆ ಕಟ್ಟಿದ ಕರಿಬಾ ಅಣೆಕಟ್ಟೆಯಲ್ಲಿ 1958ರ ಡಿಸೆಂಬರಿನಿಂದ ನೀರು ನಿಲ್ಲತೊಡಗಿತು. ಮನುಷ್ಯರು ಕಟ್ಟಿದ ಜಲಾಶಯಗಳಲ್ಲಿ, ಹಿಡಿಯುವ ನೀರಿನ ಲೆಕ್ಕದಲ್ಲಿ, ಅದಕ್ಕಿಂತ ದೊಡ್ಡದು ಇಂದಿಗೂ ಇಲ್ಲ; ನಮ್ಮ ತುಂಗಭದ್ರೆಯಂಥ ಸುಮಾರು 60 ಜಲಾಶಯಗಳ ನೀರು ಅದರೊಳಗೆ ಸೇರುತ್ತದೆ. ಅಲ್ಲಿನ ಕಣಿವೆಯಲ್ಲಿ ತಲೆಮಾರುಗಳಿಂದ ಬಾಳಿದ್ದ ಟೋಂಗಾ ಜನರಲ್ಲಿ ಸುಮಾರು 57,000 ಮಂದಿಯನ್ನು ಎಬ್ಬಿಸಿ ದೂರದ ನೆಲಕ್ಕೆ ಸಾಗಿಸಲಾಯಿತು. ಹೋಗಲೊಪ್ಪದ ಒಂದು ಹಳ್ಳಿಯವರ ಮೇಲೆ ಗುಂಡು ಹಾರಿ ಜೀವಗಳೂ ಹೋದವು. ನೀರು ಏರುತ್ತಿದ್ದಾಗ ದ್ವೀಪಗಳಂತಾದ ಗುಡ್ಡಗಳ ಮೇಲೆ ಸಿಲುಕಿದ ಕಾಡುಪ್ರಾಣಿಗಳನ್ನು ದೋಣಿಗಳಲ್ಲಿ ದಡ ಸೇರಿಸಿದ ಕಾರ್ಯಾಚರಣೆ ಮಾತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಅದಕ್ಕೆ ಇಟ್ಟ ಹೆಸರು ಪ್ರವಾದಿ ನೂಹ್(ಅ)ರದು. ನೂಹ್(ಅ)ರ ನಾವೆಯಲ್ಲಿ ಪ್ರಾಣಿಗಳೊಡನೆ ಮನುಷ್ಯರೂ ಇದ್ದರೆಂಬುದು ಹೆಸರಿಟ್ಟವರಿಗೆ ಹೊಳೆಯಲಿಲ್ಲವೋ ಏನೋ.

ಅಪ್ಪ ಇದನ್ನೆಲ್ಲ ಓದಿದವರಲ್ಲ. ಆದರೆ ನೀರಿನಡಿಯ ಊರನ್ನು ಅವರು ಬಲ್ಲರು. ಅವರು ಹುಟ್ಟಿದ ಊರು ತುಂಗಭದ್ರಾ ಜಲಾಶಯದ ತಳದಲ್ಲಿದೆ.

ನಮ್ಮದು ಪಿಂಜಾರರ ಮನೆತನ. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ಪೀಳಿಗೆಯ ಕಸುಬು. ಅಜ್ಜನಿಗೆ ಜಮೀನಿರಲಿಲ್ಲ. ಎರಡು ಅಂಕಣದ ಮಣ್ಣಿನ ಮನೆ, ಒಂದು ಬಿಲ್ಲು, ಸುತ್ತಲಿನ ಹಳ್ಳಿಗಳ ತಿರುಗಾಟ, ಇಷ್ಟೇ ಅವರ ಆಸ್ತಿ. ಅಣೆಕಟ್ಟೆಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದಾಗ ನದಿಯ ಈ ದಂಡೆ ಮದ್ರಾಸ್ ಪ್ರಾಂತದ್ದು, ಆ ದಂಡೆ ನಿಜಾಮರ ಹೈದರಾಬಾದಿನದು. 1953ರಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಸುಮಾರು 90 ಹಳ್ಳಿಗಳು, 54,000 ಜನ. ಕರಿಬಾದ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಅಜ್ಜ ಬಿಲ್ಲನ್ನು ಹೆಗಲಿಗೇರಿಸಿ, ಆರು ವರ್ಷದ ಅಪ್ಪನನ್ನು ಪರರ ಎತ್ತಿನ ಗಾಡಿಯಲ್ಲಿ ಕೂರಿಸಿ ಹೊಸಪೇಟೆಗೆ ಬಂದರು. ಚಿತ್ತವಾಡ್ಗಿಯಲ್ಲಿ ಒಂದು ಸಂದಿಮನೆ ಬಾಡಿಗೆಗೆ ಸಿಕ್ಕಿತು. ಅಂದಿನಿಂದ ನಾವು ಚಿತ್ತವಾಡ್ಗಿಯವರು.

ಅಪ್ಪ ಹತ್ತನೆಯ ವಯಸ್ಸಿಗೇ ಬಿಲ್ಲು ಹಿಡಿದರು. ಮದುವೆಯ ಹಂಗಾಮಿನಲ್ಲಿ ಒಂದು ದಿನಕ್ಕೆ ಎರಡು ಜೋಡಿ ಗಾದಿ ಮುಗಿಸುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಹಳೆಯ ಗಾದಿಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬಿಸಿಲಿಗೆ ಹರವಿ, ಬಿಲ್ಲಿನ ತಂತಿಯನ್ನು ಅದರಲ್ಲಿ ಆಡಿಸಿ ಮರದ ಗುಂಡಿನಿಂದ ಮೀಟುತ್ತಿದ್ದರು. ಆ ನಾದಕ್ಕೆ ಹತ್ತಿ ಎದ್ದು ಹಾರಿ ಅರಳೆಯಾಗಿ ಬೀಳುತ್ತಿತ್ತು. ಆಮೇಲೆ ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಿಂದ ಹೊಲಿಯುವ ಕೆಲಸ. ಹುಬ್ಬು, ರೆಪ್ಪೆ, ಗಡ್ಡವೆಲ್ಲ ಬೆಳ್ಳಗಾಗಿ ಮನೆಗೆ ಬರುತ್ತಿದ್ದರು. ಆ ಧೂಳು ಒಳಗೂ ಇಳಿದಿತ್ತೆಂಬುದು ತಿಳಿದದ್ದು ಬಹಳ ತಡವಾಗಿ. ಯಂತ್ರ ಬಂದಾಗ ಬಿಲ್ಲು ಅಟ್ಟ ಸೇರಿತು. ಫೋಮಿನ ಹಾಸಿಗೆ ಬಂದಾಗ ಯಂತ್ರವೂ ಮೂಲೆ ಸೇರಿತು. ಈಗ ಅವರ ವಯಸ್ಸು 78. ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ. ವಿಶ್ರಾಂತಿ ಕೊಡಿ ಎಂದು ವೈದ್ಯರು ಹೇಳಿದ್ದಾರೆ. ಅರವತ್ತು ವರ್ಷ ಪರರ ನಿದ್ರೆಗೆ ಮೆತ್ತೆ ಹೊಲಿದ ಮನುಷ್ಯನಿಗೆ ವಿಶ್ರಾಂತಿ ಕೊಡುವುದು ಹೇಗೆಂಬುದನ್ನು ಮಾತ್ರ ಹೇಳಿಲ್ಲ.

ತಮ್ಮನ ಚಿತ್ರಗಳನ್ನು ನೋಡಿದ ರಾತ್ರಿ ನಾವು ಒಂದು ನಿಶ್ಚಯಕ್ಕೆ ಬಂದೆವು. ಅವನು ಎಲ್ಲಿಯೋ ಇರುವ ಸರೋವರದ ದಂಡೆಯಲ್ಲಿ ಒಂದು ದಿನ ಸುಮ್ಮನೆ ಕುಳಿತು ಬರಬಹುದಾದರೆ, ಮನೆಯಿಂದ ಆರೇಳು ಕಿಲೋಮೀಟರಿನ ನಮ್ಮ ಹಿನ್ನೀರಿನ ದಂಡೆಗೆ ಅಪ್ಪ ಅವ್ವರನ್ನು ಕರೆದೊಯ್ಯಲು ನಮಗೇನು ಅಡ್ಡಿ?

ಅಡ್ಡಿ ಬಂದದ್ದು ಅಪ್ಪನಿಂದಲೇ. "ಮನಿ ಇದ್ದೋರು ರೊಕ್ಕ ಕೊಟ್ಟು ಇನ್ನೊಬ್ರ ಮನ್ಯಾಗ ಮಲಗೋದೇನು? ತೌಬಾ."

ಈ ಮಾತು ಅಪ್ಪನೊಬ್ಬರದಲ್ಲ, ನಮ್ಮಂಥ ಎಷ್ಟೋ ಮನೆಗಳ ಹಿರಿಯರದು. ಬಿಡುವೆಂದರೆ ಅವರಿಗೆ ಸೋಮಾರಿತನದ ಒಡಹುಟ್ಟು. ಆದರೆ ನಮ್ಮ ದೀನ್ ಹಾಗೆ ಹೇಳುವುದಿಲ್ಲವಲ್ಲ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ದೇಹವನ್ನು ದಣಿಸುತ್ತಿದ್ದ ಅಬೂದರ್ದಾ(ರ)ರ ಮನೆಗೆ ಅತಿಥಿಯಾಗಿ ಬಂದ ಸಲ್ಮಾನ್(ರ), ಅವರಿಗೆ ಊಟ ಮಾಡಿಸಿ, ರಾತ್ರಿ ಮಲಗಿಸಿ, ಕೊನೆಯ ಜಾವದಲ್ಲಷ್ಟೇ ಎಬ್ಬಿಸಿದ ಪ್ರಸಂಗವನ್ನು ನಾವೆಲ್ಲ ಕೇಳಿದ್ದೇವೆ. ದೇಹಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ಸಲ್ಮಾನರು ಹೇಳಿದ್ದನ್ನು ಪ್ರವಾದಿ(ಸ)ರು ಸರಿಯೆಂದೇ ಒಪ್ಪಿದರು. ನಿದ್ರೆಯನ್ನು ವಿಶ್ರಾಂತಿಗಾಗಿ ಮಾಡಿದ್ದಾಗಿ ಅಲ್ಲಾಹನೇ ಕುರ್‌ಆನಿನಲ್ಲಿ ಹೇಳಿದ್ದಾನೆ. ಇಷ್ಟನ್ನೆಲ್ಲ ಹೇಳಿದರೂ ಅಪ್ಪ ಜಗ್ಗಲಿಲ್ಲ. ಕೊನೆಗೆ ಹಂಪಿಯ ಅಹ್ಮದ್ ಖಾನನ ಮಸೀದಿಯ ವಿಷಯ ತೆಗೆದೆವು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ 1439ರಲ್ಲಿ ಅದನ್ನು ಕಟ್ಟಿಸಿದ. ಕಲ್ಲಿನ ಶಾಸನ ಆ ಕಟ್ಟಡವನ್ನು ಕರೆಯುವುದು ಧರ್ಮಶಾಲೆಯೆಂದು. ದಣಿದವರು ಇಳಿದುಕೊಳ್ಳುವ ಜಾಗದ ಹೆಸರನ್ನೇ ನಮ್ಮ ಸೀಮೆಯ ಅಷ್ಟು ಹಳೆಯ ಮಸೀದಿ ಹೊತ್ತಿದೆಯೆಂದ ಮೇಲೆ ಒಂದು ರಾತ್ರಿ ಹೊರಗೆ ಇಳಿದುಕೊಂಡರೆ ತೌಬಾ ಏಕೆ? ಅಪ್ಪ ನಕ್ಕರು. "ಧರ್ಮಶಾಲಿಯೊಳಗ ಬಾಡಿಗಿ ಇಸ್ಕೊಂತಿದ್ರೇನು?" ಎಂದರು. ನಕ್ಕದ್ದನ್ನೇ ಒಪ್ಪಿಗೆಯೆಂದು ತಿಳಿದು ನಾವು ಕೋಣೆ ಕಾದಿರಿಸಿದೆವು.

2025ರ ಜನವರಿಯ ಒಂದು ಶನಿವಾರ ಅಸರ್ ಮುಗಿಸಿ ಎರಡು ಆಟೋಗಳಲ್ಲಿ ಹೊರಟೆವು. ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹುರಿದ ಮಾಂಸದ ಡಬ್ಬಿ, ಜಾನಿಮಾಝ್, ಅಪ್ಪನ ಮಾತ್ರೆ ಎಲ್ಲವನ್ನೂ ಹಜ್ಜಿಗೆ ಹೊರಟವರಂತೆ ಗಂಟು ಕಟ್ಟಿದ್ದರು. ಹಿನ್ನೀರಿಗೆ ಮುಖಮಾಡಿದ, ಎಂಟು ಹತ್ತು ಕೋಣೆಗಳ ಸಾಧಾರಣ ವಸತಿಗೃಹ. ಒಂದು ಕಡೆ ಗುಡ್ಡದ ಮೇಲಿನ ವೈಕುಂಠ ಅತಿಥಿಗೃಹ ಕಾಣುತ್ತದೆ. ಎದುರಿಗೆ ನೀರು, ಆಚೆ ದಂಡೆಯಲ್ಲಿ ಮಂಜು ಮುಸುಕಿದ ಕೊಪ್ಪಳ ಸೀಮೆಯ ಗುಡ್ಡಗಳು.

ಕೋಣೆಯೊಳಗೆ ಕಾಲಿಟ್ಟ ಅಪ್ಪ ಮೊದಲು ಮಾಡಿದ ಕೆಲಸ ಹಾಸಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದು. "ಫೋಮ್," ಎಂದರು, ವೈದ್ಯರು ಕಾಯಿಲೆಯ ಹೆಸರು ಹೇಳುವ ದನಿಯಲ್ಲಿ. ತಲೆದಿಂಬನ್ನೆತ್ತಿ ಹಿಸುಕಿದವರ ಮುಖ ಅರಳಿತು. ಅದು ಹತ್ತಿಯದಾಗಿತ್ತು, ಆದರೆ ಒಳಗೆಲ್ಲ ಗಂಟು. ಮಗ್ಗುಲು ಹಿಡಿದು ಬಡಿದು, ಮೂಲೆಗಳಿಂದ ಎಳೆದು, ಮತ್ತೆ ಬಡಿದು, ಹತ್ತು ನಿಮಿಷದಲ್ಲಿ ಅದನ್ನು ಮೆತ್ತಗೆ ಮಾಡಿಟ್ಟರು. ಬಳಿಕ ಪಕ್ಕದ ಕೋಣೆಯವನ್ನೂ ತರಿಸಿಕೊಂಡರು. ವಿಶ್ರಾಂತಿಗೆಂದು ಕರೆತಂದವರು ಬಂದ ಅರ್ಧ ಗಂಟೆಯಲ್ಲಿ ಆರು ತಲೆದಿಂಬು ರಿಪೇರಿ ಮಾಡಿ ಕೆಮ್ಮುತ್ತ ಕುಳಿತರು. ಅವ್ವ ಬೈದರು. ಅಪ್ಪ ಕೇಳಿಸಿಕೊಂಡಂತೆ ಕಾಣಲಿಲ್ಲ.

ಮಗ್ರಿಬ್‌ಗೆ ಸಿದ್ಧರಾಗುತ್ತಿದ್ದಾಗ ಮೊಮ್ಮಗನಿಗೆ ಒಂದು ಸಂದೇಹ. "ಅಜ್ಜಾ, ನಾವೀಗ ಮುಸಾಫಿರರೇನು? ಇಶಾ ನಾಕು ರಕಾತಿನ ಬದ್ಲಿ ಎರಡೇ ಮಾಡಬೌದಾ?"

"ಮನಿ ಮುಂದಿನ ಕಟ್ಟಿಗೆ ಬಂದು ಕುಂತೋನು ಮುಸಾಫಿರ ಹೆಂಗ ಆಕ್ಕಾನಪಾ? ನಾಕೂ ಮಾಡು," ಎಂದರು ಅಪ್ಪ. ಕಸ್ರ್ ಮಾಡಲು ಸುಮಾರು 77 ಕಿಲೋಮೀಟರಿನಾಚೆಯ ಪಯಣ ಬೇಕೆಂಬ ಮಸ್‌ಅಲಾವನ್ನು ನಾವು ಅವನಿಗೆ ವಿವರಿಸಿದೆವು. ಹುಡುಗನ ಮುಖ ಸಣ್ಣಗಾಯಿತು. ಆ ರಾತ್ರಿ ಅಪ್ಪ ಫೋಮಿನ ಮೇಲೆ ಅತ್ತಿಂದಿತ್ತ ಹೊರಳಿ, ಕೊನೆಗೆ ನೆಲಕ್ಕೆ ಚಾದರ ಹಾಸಿಕೊಂಡು ಮಲಗಿದರು.

ಫಜ್ರ್ ಆದ ಮೇಲೆ ಅವರನ್ನು ನೀರಿನ ಬಳಿ ಕರೆದೊಯ್ದು ಕುರ್ಚಿ ಹಾಕಿದೆವು. ಚಳಿಗಾಲದ ಹಿನ್ನೀರು ಬೆಳಗಿನ ಹೊತ್ತು ಎಷ್ಟು ಚೆಲುವೆಂಬುದನ್ನು ಹೊಸಪೇಟೆಯವರಾದ ನಾವು ಅಷ್ಟಾಗಿ ಗಮನಿಸುವುದಿಲ್ಲ. ಡ್ಯಾಂ ಎಂದರೆ ನಮಗೆ ಗೇಟು, ಉದ್ಯಾನ, ಭಾನುವಾರದ ಗದ್ದಲ, ಎಣ್ಣೆಯಲ್ಲಿ ಕರಿದ ಮೀನು. ಅಲ್ಲಿ ಅಂದು ಗದ್ದಲವಿರಲಿಲ್ಲ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ದಂಡೆಯ ಹಸಿರಿನಲ್ಲಿ ಮೇಯುತ್ತಿದ್ದವು. ಹಿಮಾಲಯದ ಆಚೆಯಿಂದ ಹಾರಿ ಬರುವ ಇವು ಕಾಳುಕಡ್ಡಿ ಇರುವ ತನಕ ಇಲ್ಲಿದ್ದು ಬೇಸಿಗೆಗೆ ಮೊದಲು ಹೊರಟುಹೋಗುತ್ತವೆ. ಕಸ್ರ್ ಮಾಡುವ ಅರ್ಹತೆ ಯಾರಿಗಾದರೂ ಇದ್ದರೆ ಅವಕ್ಕೇ ಎಂದು ಮೊಮ್ಮಗನನ್ನು ಛೇಡಿಸಿದೆವು. ದೂರದಲ್ಲಿ ಒಬ್ಬ ಮೀನುಗಾರ ಹರಗೋಲಿನಲ್ಲಿ ಬಲೆ ಎಳೆಯುತ್ತಿದ್ದ.

ಅವ್ವ ಅಂದು ಬೆಳಗಿನ ಉಪಾಹಾರ ಮುಗಿಸಿ ಮಲಗಿದವರು ಝುಹರ್ ತನಕ ಏಳಲಿಲ್ಲ. ಒಲೆ ಹಚ್ಚುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ, ಬಾಗಿಲಿಗೆ ಬಂದವರಿಗೆ ಚಹಾ ಮಾಡುವುದಿಲ್ಲ. ಅವರು ಹಗಲಿನಲ್ಲಿ ಅಷ್ಟು ಹೊತ್ತು ಮಲಗಿದ್ದನ್ನು ನಾವು ಹುಟ್ಟಿದಂದಿನಿಂದ ನೋಡಿರಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಎರಡು ಸಲ ಹಣೆ ಮುಟ್ಟಿ ನೋಡಿದೆವು. ಸರಿಯಾಗಿಯೇ ಇದ್ದರು. ಅಪ್ಪನ ವಿಶ್ರಾಂತಿಯ ಚಿಂತೆಯಲ್ಲಿ ಅವರ ದಣಿವನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅಪ್ಪ ಮಾತ್ರ ಮಲಗಲಿಲ್ಲ. ನೀರನ್ನೇ ನೋಡುತ್ತ ಕುಳಿತಿದ್ದರು. ಮೀನುಗಾರ ಹರಗೋಲನ್ನು ದಂಡೆಗೆ ಎಳೆದು ತಲೆಕೆಳಗು ಮಾಡಿ ಇಟ್ಟಾಗ ಅವನನ್ನು ಕೂಗಿ ಕರೆದು ವಿಚಾರಿಸತೊಡಗಿದರು. ಎಲ್ಲೆಲ್ಲಿ ಆಳ, ಎಲ್ಲಿ ಬಲೆ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ.

"ಹಳೇ ಗೋಡಿ ಅದಾವ ಅಜ್ಜಾರ," ಎಂದ ಅವನು. "ಬಲಿ ಹರದು ಹೋಗ್ತಾವ. ಮೇ ತಿಂಗಳದಾಗ ನೀರು ಇಳದ್ರ ಕೆಲವು ಕಡೆ ಕಾಣ್ತಾವ. ಮೊದ್ಲಿನಷ್ಟು ಈಗ ಕಾಣಂಗಿಲ್ಲ, ಹೂಳು ತುಂಬೇತಿ."

ಹೂಳಿನ ಮಾತು ದಿಟ. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗವೆಲ್ಲ ಮಲೆನಾಡಿನಿಂದಲೂ ಬಯಲಿನಿಂದಲೂ ಎಪ್ಪತ್ತು ವರ್ಷ ಕೊಚ್ಚಿಕೊಂಡು ಬಂದ ಮಣ್ಣಿನ ಪಾಲಾಗಿದೆ. ನೀರಾವರಿಯವರಿಗೆ ಅದು ನಷ್ಟದ ಲೆಕ್ಕ. ಅಪ್ಪ ಅದನ್ನು ಕೇಳಿದ ಬಗೆಯೇ ಬೇರೆಯಾಗಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಮುಚ್ಚಿದ ಗೋರಿಗೆ ಮತ್ತ ಮಣ್ಣು ಹಾಕ್ಯಾನ ಹಂಗಾರ," ಎಂದರು.

ಅವರ ತಾಯಿಯ ಗೋರಿ ಆ ನೀರಿನಡಿ ಇದೆ. ಅಪ್ಪನಿಗೆ ನಾಲ್ಕು ವರ್ಷವಾಗಿದ್ದಾಗ ಆಕೆ ತೀರಿಕೊಂಡರು. ಮುಖ ನೆನಪಿಲ್ಲ. ಮನೆಯಲ್ಲಿ ಒಂದು ಚಿತ್ರವೂ ಇಲ್ಲ. ನೆನಪಿರುವುದು ಊರ ಹೊರಗೆ ಬೇವಿನ ಮರ, ಅದರ ನೆರಳಿನಲ್ಲಿ ಹಸಿಮಣ್ಣಿನ ದಿಬ್ಬ, ಅಜ್ಜ ಅದರ ಮೇಲೆ ನೀರು ಚಿಮುಕಿಸಿದ್ದು. ಇಷ್ಟು ನಮಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಪ್ಪ ಅಂದು ಹೇಳಿದರು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ಓದುಗರಿಗೆ ನೆನಪಿರಬಹುದು. ಜಲಾಶಯ ತುಂಬಿ ತುಳುಕುತ್ತಿದ್ದ ಹೊತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ ನೀರು ಹಗಲೂ ರಾತ್ರಿ ನದಿಗೆ ಹರಿದುಹೋಯಿತು. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ ಆಗಷ್ಟೇ ಭತ್ತದ ನಾಟಿ ನಡೆದಿತ್ತು. ಆಂಧ್ರ, ತೆಲಂಗಾಣಗಳ ಕಾಲುವೆಗಳಿಗೂ ಇದೇ ನೀರು. ನಿವೃತ್ತರಾಗಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಇಳಿವಯಸ್ಸಿನಲ್ಲಿ ಅಣೆಕಟ್ಟೆಯ ಮೇಲೆ ನಿಂತು, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸುವ ಕೆಲಸ ಮಾಡಿಸಿದರು. ಮೊದಲ ಹಲಗೆ ಕುಳಿತದ್ದು ಆಗಸ್ಟ್ 16ರ ಶುಕ್ರವಾರ. ಮರುದಿನ ರಾತ್ರಿಯ ಹೊತ್ತಿಗೆ ನೀರು ನಿಂತಿತು.

ಆ ಶುಕ್ರವಾರ ನಮ್ಮ ಮಸೀದಿಯಲ್ಲಿಯೂ ಜುಮಾ ನಂತರ ವಿಶೇಷ ದುಆ ನಡೆದಿತ್ತು. ಗೇಟು ನಿಲ್ಲಲಿ, ನೀರು ಉಳಿಯಲಿ, ರೈತರ ಬೆವರು ವ್ಯರ್ಥವಾಗದಿರಲಿ ಎಂದು ಇಮಾಮರು ಬೇಡಿದರು. ಜಮಾಅತ್ತೆಲ್ಲ ಆಮೀನ್ ಎಂದಿತು. ನಾವು ಅಪ್ಪನ ಪಕ್ಕದಲ್ಲೇ ಕುಳಿತಿದ್ದೆವು.

"ನಾ ಆಮೀನ್ ಅನ್ಲಿಲ್ಲ," ಎಂದರು ಅಪ್ಪ, ನೀರಿನಿಂದ ಕಣ್ಣು ಕೀಳದೆ.

ನಾವು ಮಾತಾಡಲಿಲ್ಲ.

"ಬಾಯಿ ಬರ್ಲಿಲ್ಲ. ನೀರೆಲ್ಲ ಹೋದ್ರ ಊರು ಕಾಣ್ತೈತಿ, ನಮ್ಮವ್ವನ ಗೋರಿ ಕಾಣ್ತೈತಿ, ಒಂದ್ಸಲ ಫಾತಿಹಾ ಓದಿ ಬರಬೌದು ಅಂತ ಮನಸಿಗೆ ಬಂತು. ಎಷ್ಟು ಜನದ ಅನ್ನ ಐತಿ ಇದರಾಗ. ನಾನೂ ಇದೇ ನೀರಿನ ಅಕ್ಕಿ ಉಂಡೋನು. ಆ ಕನ್ನಯ್ಯ ನಾಯ್ಡು ಅವ್ರು ನನ್ನ ವಾರಿಗಿಯೋರು. ಅವ್ರು ಅಲ್ಲಿ ಗೇಟು ಕೂಡ್ಸಾಕ ಒದ್ದಾಡ್ತಿದ್ರ, ನಾ ಇಲ್ಲಿ ಅಲ್ಲಾಹನ ಮನ್ಯಾಗ ಕುಂತು ಅದು ಕೂಡಬಾರದು ಅಂತ ಬಯಸಿದೆ."

ಐದು ತಿಂಗಳು ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ವೈದ್ಯರು ಎದೆಯಲ್ಲಿ ಹತ್ತಿಯ ಧೂಳಿದೆಯೆಂದು ಹೇಳಿದ್ದರು. ಇದನ್ನು ನೋಡುವ ಯಂತ್ರ ಅವರಲ್ಲಿರಲಿಲ್ಲ.

ನಾವು ಏನು ಹೇಳಬೇಕಿತ್ತು? ಮನಸ್ಸಿಗೆ ಬಂದು ಹೋದ ಮಾತಿಗೆ ಅಲ್ಲಾಹನು ಹಿಡಿಯುವುದಿಲ್ಲ, ಆಡಿದ್ದಕ್ಕೂ ಮಾಡಿದ್ದಕ್ಕೂ ಮಾತ್ರ ಲೆಕ್ಕವೆಂದು ಹದೀಸಿನಲ್ಲಿರುವುದನ್ನು ಹೇಳಬಹುದಿತ್ತು, ಹೇಳಿದೆವು ಕೂಡ. ದುಆಕ್ಕೆ ಗೋರಿ ಕಣ್ಣಿಗೆ ಕಾಣಬೇಕೆಂದಿಲ್ಲ, ಮಕ್ಕಳ ದುಆ ಎಲ್ಲಿಂದಲೂ ತಲುಪುತ್ತದೆ ಎಂದೂ ಹೇಳಿದೆವು. "ಗೊತ್ತೈತಿ," ಎಂದರು ಅಪ್ಪ. ಅವರಿಗೆ ಗೊತ್ತಿರುವುದನ್ನೇ ನಾವು ಹೇಳುತ್ತಿದ್ದೆವು. ತಾಯಿಯ ಮುಖವೇ ನೆನಪಿಲ್ಲದವರಿಗೆ ಮಣ್ಣಿನ ದಿಬ್ಬವೊಂದು ಏನೆಂಬುದು, ಅವ್ವನನ್ನು ಒಳಗೆ ಮಲಗಿಸಿ ಬಂದ ನಮಗೆ ತಿಳಿಯುವುದು ಸುಲಭವಲ್ಲ. ಕೊನೆಗೆ ನಾವೂ ಸುಮ್ಮನಾದೆವು. ಹೆಬ್ಬಾತುಗಳು ಏನಕ್ಕೋ ಬೆದರಿ ಒಮ್ಮೆಲೇ ಎದ್ದು, ಒಂದು ಸುತ್ತು ಹಾರಿ, ಮತ್ತೆ ಅದೇ ಜಾಗಕ್ಕೆ ಇಳಿದವು.

ಮಧ್ಯಾಹ್ನದ ಊಟಕ್ಕೆ ಮೀನುಗಾರನಿಂದಲೇ ಮೀನು ಕೊಂಡು ವಸತಿಗೃಹದ ಅಡುಗೆಯವರಿಂದ ಸಾರು ಮಾಡಿಸಿದೆವು. ಉಪ್ಪು ತುಸು ಹೆಚ್ಚಾಗಿತ್ತು. ಎದ್ದು ಬಂದ ಅವ್ವ ಕೂದಲು ಕಟ್ಟಿಕೊಳ್ಳುತ್ತ, ಯಾರೋ ಮಾಡಿದ್ದನ್ನು ಕುಳಿತು ಉಣ್ಣುವುದಿದ್ದರೆ ಉಪ್ಪಿನ ಲೆಕ್ಕ ಯಾರು ಮಾಡುತ್ತಾರೆ ಎಂದು ಎರಡನೆಯ ಸಲ ಬಡಿಸಿಕೊಂಡರು. ಅಪ್ಪನೂ ಉಂಡರು. ಹೇಳಿಬಿಟ್ಟದ್ದರಿಂದಲೋ, ಬಿಸಿಲಿನ ಹಿತದಿಂದಲೋ, ಉಂಡವರು ಕುರ್ಚಿಯಲ್ಲಿಯೇ ತಲೆ ವಾಲಿಸಿ ಒಂದು ಗಂಟೆ ನಿದ್ರೆ ಮಾಡಿದರು. ತಾವೇ ಬಡಿದು ಸರಿಮಾಡಿದ ತಲೆದಿಂಬನ್ನು ಮೊಮ್ಮಗ ತಂದು ಅವರ ಕುತ್ತಿಗೆಯ ಕೆಳಗೆ ಇಟ್ಟ. ಆ ಒಂದು ಗಂಟೆ ಅವರಿಗೆ ಕೆಮ್ಮು ಬರಲಿಲ್ಲ.

ಅಸರ್ ಹೊತ್ತಿಗೆ ಎಬ್ಬಿಸಿದೆವು. ಕೋಣೆಯ ನಲ್ಲಿಯ ಬಳಿಗೆ ಕರೆದೊಯ್ಯಲು ಕೈ ಹಿಡಿದರೆ ಅಪ್ಪ ಬೇಡವೆಂದರು. ಮೆಲ್ಲನೆ ಇಳಿಜಾರಿನಲ್ಲಿ ನಡೆದು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ನೀರಿನಂಚಿನ ಕಲ್ಲಿನ ಮೇಲೆ ಕುಳಿತರು. ಕಾಲು ಜಾರದಂತೆ ನಾವು ಇಬ್ಬದಿಯಲ್ಲಿ ನಿಂತೆವು. ಇಷ್ಟು ವರ್ಷ ಹತ್ತಿರದಲ್ಲೇ ಇದ್ದರೂ ಅವರು ಈ ನೀರನ್ನು ಕೈಯಿಂದ ಮುಟ್ಟಿದ್ದನ್ನು ನಾವು ನೋಡಿರಲಿಲ್ಲ. ಬಿಸ್ಮಿಲ್ಲಾ ಎಂದು ಬೊಗಸೆಯಲ್ಲಿ ತೆಗೆದುಕೊಂಡು ವುಝೂ ಮಾಡಿದರು. ಮುಖಕ್ಕೆ ಹಚ್ಚಿಕೊಂಡಾಗ ಕೈಗಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದರು. ಚಾದರ ಹಾಸಿ ಅಲ್ಲಿಯೇ ಜಮಾಅತ್ ಮಾಡಿದೆವು. ನಮಾಝಿನ ನಂತರ ಅವರು ಕೈ ಎತ್ತಿ ಬೇಡಿದ್ದು ಎಲ್ಲ ಕೇಳಿಸಲಿಲ್ಲ. ತಾಯಿಗಾಗಿ, ಮುಳುಗಿದ ಊರುಗಳ ಎಲ್ಲ ಗೋರಿಗಳಿಗಾಗಿ ಬೇಡಿದ್ದು ಕೇಳಿಸಿತು. ಕೊನೆಗೆ, "ಗೇಟು ಗಟ್ಟಿ ಇರಲಿ ಯಾ ಅಲ್ಲಾಹ್," ಎಂದು ಸ್ಪಷ್ಟವಾಗಿ ಅಂದರು. ನಾವು ಆಮೀನ್ ಎಂದೆವು. ಈ ಸಲ ಅಪ್ಪನ ಆಮೀನ್ ಎಲ್ಲರಿಗಿಂತ ಗಟ್ಟಿಯಾಗಿತ್ತು; ದಮ್ಮು ಹತ್ತಿ ಸ್ವಲ್ಪ ಹೊತ್ತು ಬೆನ್ನು ಸವರಬೇಕಾಯಿತು.

ಹೊರಡುವಾಗ ವಸತಿಗೃಹದ ಹುಡುಗನಿಗೆ, ತಲೆದಿಂಬುಗಳನ್ನು ಎಂಟು ದಿನಕ್ಕೊಮ್ಮೆ ಬಿಸಿಲಿಗೆ ಹಾಕಬೇಕೆಂದು ಅಪ್ಪ ತಾಕೀತು ಮಾಡಿದರು. ಅವನು ಹೂಂ ಎಂದ. ಹಾಕುವುದಿಲ್ಲವೆಂದು ಅಪ್ಪನಿಗೂ ಗೊತ್ತು. ಮೇ ತಿಂಗಳಿನಲ್ಲಿ ನೀರು ಇಳಿದಾಗ ಹರಗೋಲಿನವನಿಗೆ ಫೋನು ಮಾಡಬೇಕೆಂದು ಅವನ ನಂಬರನ್ನು ನಮ್ಮಿಂದ ಬರೆಸಿಕೊಂಡು ಮಾತ್ರೆಯ ಡಬ್ಬಿಯಲ್ಲಿ ಇಟ್ಟುಕೊಂಡರು.

ಆಟೋ ಹೊರಟು ಸ್ವಲ್ಪ ದೂರ ಬಂದಾಗ ಝಾಂಬಿಯಾಕ್ಕೆ ಫೋನು ಹಚ್ಚಲು ಹೇಳಿದರು. ತಮ್ಮ ಇನ್ನೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿದ್ದ. ಕ್ಷೇಮ ಸಮಾಚಾರ ಒಂದೇ ಮಾತಿನಲ್ಲಿ ಮುಗಿಯಿತು.

"ಅಲ್ಲಿ ಬ್ಯಾಸಿಗಿಗೆ ನೀರು ಇಳಿತೈತೇನಪಾ?"

ಹೋದ ವರ್ಷದ ಬರದಿಂದ ಕರಿಬಾದ ನೀರು ಬಹಳ ಕೆಳಕ್ಕೆ ಹೋಗಿದೆ, ಅದಕ್ಕೇ ದಿನದ ಬಹುಪಾಲು ಕರೆಂಟು ಇರುವುದಿಲ್ಲ ಎಂದು ತಮ್ಮ ದೂರಿಕೊಂಡ. ಅಪ್ಪನಿಗೆ ಕರೆಂಟಿನ ಸುದ್ದಿ ಬೇಕಿರಲಿಲ್ಲ.

"ಅಲ್ಲಿ ಊರು ಬಿಟ್ಟು ಬಂದೋರು ಯಾರಾದ್ರೂ ಸಿಗ್ತಾರೇನು ನಿನಗ?"

ಗೋದಾಮಿನ ಕಾವಲಿಗೆ ಒಬ್ಬ ಮುದುಕನಿದ್ದಾನೆ, ಟೋಂಗಾದವನೇ, ಸಣ್ಣವನಿದ್ದಾಗ ಲಾರಿಯಲ್ಲಿ ಕರೆತಂದರೆಂದು ಹೇಳುತ್ತಿರುತ್ತಾನೆ ಎಂದ ತಮ್ಮ.

"ಅವ್ರಿಗೆ ನನ್ನ ಸಲಾಮ್ ಹೇಳು."

"ಅವ್ರು ನಮ್ಮೋರಲ್ಲಪ್ಪಾ. ನೀ ಯಾರಂತ ಹೇಳ್ಲಿ?"

ಅಪ್ಪ ಒಂದು ಕ್ಷಣ ಯೋಚಿಸಿದರು. ಆಟೋ ಒಂದು ಗುಂಡಿಯಲ್ಲಿ ಇಳಿದು ಎದ್ದಿತು. ಅವ್ವ ಕೈಯಲ್ಲಿದ್ದ ಡಬ್ಬಿಗಳನ್ನು ಬಿಗಿಹಿಡಿದರು.

"ಚಿತ್ತವಾಡ್ಗಿ ಪಿಂಜಾರ ಒಬ್ಬ ಅದಾನ, ಅವಂದೂ ಹಿಂಗ ಆಗೇತಿ ಅಂತ ಹೇಳು," ಎಂದರು.